ನಾಲ್ಕೂವರೆಯ ಹಸಿವು

ಮಗು ದಪ್ಪ ಆಗ್ತಿದೆ ಅಂದ ಕೂಡಲೇ ಎಲ್ಲರ ಕಣ್ಣು ಬೀಳುವುದು ಊಟದ ತಟ್ಟೆಯ ಮೇಲೆ. ಅನ್ನ ಕಡಿಮೆ ಮಾಡಿ, ಚಪಾತಿ ಕೊಡಿ, ರಾತ್ರಿ ಬರೀ ಹಣ್ಣು ಕೊಡಿ ಅಂತ ಸಲಹೆಗಳು ಶುರುವಾಗುತ್ತವೆ. ನಮ್ಮ ಮಗನ ವಿಷಯದಲ್ಲಿ ಊಟ ಸರಿಯಾಗಿಯೇ ಇತ್ತು. ತೂಕ ಏರುತ್ತಿದ್ದದ್ದು ಶಾಲೆಯ ವ್ಯಾನ್ ಮನೆ ಮುಂದೆ ನಿಲ್ಲುವ ಹೊತ್ತಿಗೂ ಟ್ಯೂಷನ್‌ಗೆ ಹೊರಡುವ ಹೊತ್ತಿಗೂ ನಡುವಿನ ಆ ಒಂದು ಗಂಟೆಯಲ್ಲಿ. ಅದನ್ನು ಕಂಡುಕೊಳ್ಳುವುದಕ್ಕೆ ಹಿಡಿದ ಸಮಯಕ್ಕಿಂತ, ಮನೆಯ ದೊಡ್ಡವರನ್ನು ಒಪ್ಪಿಸುವುದಕ್ಕೆ ಹಿಡಿದ ಸಮಯವೇ ಜಾಸ್ತಿ.

ನಾವಿರುವುದು ತುಮಕೂರಿನಲ್ಲಿ. ನಾನು, ನಮ್ಮ ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುವವರು. ಸಂಜೆ ಮಗ ಬಂದಾಗ ಮನೆಯಲ್ಲಿರುವುದು ಅತ್ತೆ. ಅವನಿಗಾಗ ಒಂಬತ್ತು ವರ್ಷ. ಕತ್ತಿನ ಹಿಂಭಾಗದಲ್ಲಿ, ಕಾಲರ್ ಉಜ್ಜುವ ಜಾಗದಲ್ಲಿ ಚರ್ಮ ಕಪ್ಪಗೆ, ಸ್ವಲ್ಪ ದಪ್ಪಗೆ, ಮಖಮಲ್ಲಿನ ಹಾಗೆ ಆಗಿತ್ತು. ಕೊಳೆ ಇರಬೇಕು ಅಂತ ಅತ್ತೆ ವಾರವಾರ ಕಡಲೆಹಿಟ್ಟು, ನಿಂಬೆರಸ ಹಾಕಿ ತಿಕ್ಕುತ್ತಿದ್ದರು. ಮಗ "ಉರಿತದೆ ಅಜ್ಜಿ" ಅಂತ ಕೂಗುತ್ತಿದ್ದ. ಜ್ವರಕ್ಕೆಂದು ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಅವರು ಗಂಟಲಿಗಿಂತ ಮುಂಚೆ ಕತ್ತು ನೋಡಿದರು. ಅದಕ್ಕೆ ಅಕಾಂಥೋಸಿಸ್ ನೈಗ್ರಿಕನ್ಸ್ ಅನ್ನುತ್ತಾರಂತೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಹೋದಾಗ ದೇಹ ಅದನ್ನು ಹೆಚ್ಚು ಹೆಚ್ಚು ಸುರಿಸುತ್ತದೆ, ಆ ಹೆಚ್ಚುವರಿ ಇನ್ಸುಲಿನ್‌ನಿಂದ ಚರ್ಮದ ಕಣಗಳು ಬೇಗ ಬೇಗ ಬೆಳೆದು ದಪ್ಪ, ಕಪ್ಪು ಆಗುತ್ತವೆ. ಎಷ್ಟು ತಿಕ್ಕಿದರೂ ಅದು ಹೋಗುವಂಥದ್ದಲ್ಲ.

ಎತ್ತರ 132 ಸೆಂಟಿಮೀಟರ್, ತೂಕ 39 ಕಿಲೋ. ಡಾಕ್ಟರು ಮೇಜಿನ ಮೇಲಿದ್ದ ಚಾರ್ಟು ತೋರಿಸಿದರು. 2015ರಲ್ಲಿ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ, ಅಂದರೆ ಐಎಪಿ, 5ರಿಂದ 18 ವರ್ಷದ ನಮ್ಮ ಮಕ್ಕಳಿಗೆಂದೇ ಮಾಡಿದ ಚಾರ್ಟು ಅದು. ಅದರಲ್ಲಿ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅನ್ನುವ ಲೆಕ್ಕ, ನೋಡುವುದಕ್ಕೆ 'ತೂಕ ಹೆಚ್ಚು' ಅನ್ನುವ ಒಂದು ಗೆರೆ, 'ಬೊಜ್ಜು' ಅನ್ನುವ ಇನ್ನೊಂದು ಗೆರೆ ಇರುತ್ತದೆ. ಮಗನ ಚುಕ್ಕೆ ಎರಡನ್ನೂ ದಾಟಿತ್ತು. "ಥೈರಾಯ್ಡ್ ಇರಬಹುದಾ?" ಅಂತ ನಾನು ಕೇಳಿದೆ. ಎಲ್ಲ ತಾಯಂದಿರೂ ಇದನ್ನೇ ಕೇಳುತ್ತಾರಂತೆ. ಹಾರ್ಮೋನಿನ ತೊಂದರೆಯಿಂದ ದಪ್ಪ ಆಗುವ ಮಕ್ಕಳು ಸಾಮಾನ್ಯವಾಗಿ ಎತ್ತರ ಬೆಳೆಯುವುದಿಲ್ಲ, ಇವನು ಚೆನ್ನಾಗಿ ಉದ್ದ ಆಗ್ತಿದಾನೆ, ಹಾಗಾಗಿ ಆ ಅನುಮಾನ ಕಡಿಮೆ ಅಂದರು. ರಕ್ತದ ಸಕ್ಕರೆ, ಕೊಬ್ಬು, ಲಿವರ್ ಪರೀಕ್ಷೆ ಮಾಡಿಸಿದೆವು. ಸಕ್ಕರೆ ಅಂಚಿನಲ್ಲಿತ್ತು.

ಆಮೇಲೆ ಅವರು ಹೇಳಿದ ಒಂದು ಮಾತು ನಮ್ಮ ಎದೆಯ ಭಾರ ಇಳಿಸಿತು. ಇವನ ತೂಕ ಇಳಿಸಬೇಕಾಗಿಲ್ಲ, ಇದ್ದಲ್ಲೇ ನಿಲ್ಲಿಸಿ ಸಾಕು, ಎತ್ತರ ಬೆಳೆದ ಹಾಗೆ ತಾನೇ ಸರಿಹೋಗುತ್ತದೆ. ಬೆಳೆಯುವ ಮಗುವಿಗೆ ನೀವಾಗಿ ಡಯಟ್ ಮಾಡಿಸಬೇಡಿ, ಹಸಿವಿನಲ್ಲಿ ಕೂರಿಸಬೇಡಿ.

ಹಾಗಾದರೆ ಕಡಿಮೆ ಮಾಡುವುದು ಏನನ್ನು? ಒಂದು ವಾರ ಅವನು ತಿಂದದ್ದನ್ನೆಲ್ಲ ಹಳೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಬೆಳಿಗ್ಗೆ ಎರಡು ದೋಸೆ. ಮಧ್ಯಾಹ್ನದ ಡಬ್ಬಿ ಅರ್ಧ ವಾಪಸ್. ಊಟಕ್ಕೆ ಬಿಡುವ ಹೊತ್ತಿನಲ್ಲಿ ಕೈ ತೊಳೆಯಲು ಕ್ಯೂ, ಆಮೇಲೆ ಆಟ, ಹೀಗಾಗಿ ಚಿತ್ರಾನ್ನ ತಣ್ಣಗಾಗಿ ಡಬ್ಬಿಯಲ್ಲೇ ಉಳಿಯುತ್ತಿತ್ತು. ರಾತ್ರಿ ಅನ್ನ ಸಾರು, ಅದೂ ಒತ್ತಾಯಕ್ಕೆ. ಆದರೆ ಸಂಜೆಯ ಸಾಲು ಮಾತ್ರ ಪುಟದ ಅಂಚಿನವರೆಗೂ ಹೋಗುತ್ತಿತ್ತು: ಮಾಲ್ಟ್ ಪುಡಿ, ಸಕ್ಕರೆ ಹಾಕಿದ ದೊಡ್ಡ ಲೋಟ ಹಾಲು, ಕ್ರೀಮ್ ಬಿಸ್ಕತ್ತು, ಫ್ರಿಜ್ಜಿನಲ್ಲಿದ್ದ ಮಾವಿನ ಜ್ಯೂಸಿನ ಪ್ಯಾಕೆಟ್ಟು. ದಾರಿಯಲ್ಲಿ ಬೇಕರಿ ಇರುವುದರಿಂದ ಟ್ಯೂಷನ್‌ಗೆ ಹೋಗುವಾಗ ಪಫ್ಸು ಅಥವಾ ದಿಲ್‌ಪಸಂದು. ಅವನು ಚಪಲಕ್ಕೆ ತಿನ್ನುತ್ತಿದ್ದಾನೆ ಅಂತ ನಾವಂದುಕೊಂಡಿದ್ದೆವು. ಬೆಳಿಗ್ಗೆ ಎಂಟಕ್ಕೆ ತಿಂಡಿ ತಿಂದು ಅರ್ಧ ಡಬ್ಬಿಯಲ್ಲಿ ದಿನ ಕಳೆದ ಹುಡುಗ ನಾಲ್ಕೂವರೆಗೆ ನಿಜವಾಗಿ ಹಸಿದಿರುತ್ತಾನೆ. ಆ ಹಸಿವಿಗೆ ಸಿಗುತ್ತಿದ್ದದ್ದು ಸಕ್ಕರೆ, ಮೈದಾ, ಡಾಲ್ಡಾ. ಅದರಿಂದ ಹೊಟ್ಟೆ ತುಂಬಿದ ಮೇಲೆ ರಾತ್ರಿ ಊಟ ಎಲ್ಲಿ ಸೇರಬೇಕು?

ಅತ್ತೆಗೆ ಇದನ್ನು ಹೇಳುವುದು ಹೇಗೆ? ಒಮ್ಮೆ ಬಾಯಿ ತೆರೆದೆ. "ಬೆಳೆಯೋ ಹುಡುಗ ಕಣಮ್ಮ, ಈ ವಯಸ್ಸಲ್ಲಿ ತಿನ್ನದೆ ಇನ್ಯಾವಾಗ ತಿಂದಾನು? ಮೈ ಕೈ ತುಂಬ್ಕೊಂಡು ಲಕ್ಷಣವಾಗಿದಾನೆ, ಕಣ್ಣು ಹಾಕಬೇಡಿ" ಅಂದರು. ಅವರ ತಪ್ಪೇನೂ ಇಲ್ಲ. ಅವರ ಕಾಲದಲ್ಲಿ ಸೊರಗಿದ ಮಗು ಅಂದರೆ ಭಯ, ತುಂಬಿದ ಕೆನ್ನೆ ಅಂದರೆ ಮನೆಯಲ್ಲಿ ಕಾಳು ಕಡ್ಡಿ ಇದೆ ಅಂತ ಅರ್ಥ. ಅದೂ ಅಲ್ಲದೆ ಮೊಮ್ಮಗ ಬಂದು "ಅಜ್ಜೀ, ಏನಿದೆ?" ಅಂತ ಕೇಳುವ ಆ ಗಳಿಗೆಗೆ ಅವರು ಮಧ್ಯಾಹ್ನವೆಲ್ಲ ಕಾದಿರುತ್ತಾರೆ. ಬಿಸ್ಕತ್ತಿನ ಡಬ್ಬ ಕಿತ್ತುಕೊಂಡರೆ ಆ ಗಳಿಗೆಯನ್ನೇ ಕಿತ್ತುಕೊಂಡ ಹಾಗೆ.

2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ 'ಶುಗರ್ ಬೋರ್ಡ್' ಹಾಕಿ ಅಂತ ಸುತ್ತೋಲೆ ಕಳಿಸಿದ್ದನ್ನು ಪೇಪರಿನಲ್ಲಿ ಓದಿದ್ದೆ. ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಅಂತ ಮಕ್ಕಳಿಗೆ ಕಾಣುವ ಹಾಗೆ ಬರೆದು ಹಾಕುವುದು. ಮಗನದು ರಾಜ್ಯ ಸಿಲೆಬಸ್ಸಿನ ಶಾಲೆ, ಅಲ್ಲಿ ಬೋರ್ಡು ಇರಲಿಲ್ಲ. ಒಂದು ಭಾನುವಾರ ನಾವೇ ಊಟದ ಮೇಜಿನ ಮೇಲೆ ಅಂಗಡಿ ಹರಡಿದೆವು. ಪ್ಯಾಕೆಟ್ಟುಗಳ ಹಿಂದಿನ ಸಣ್ಣಕ್ಷರ ಮಗ ಓದುವುದು, ನಾನು ಅಡುಗೆಮನೆ ತಕ್ಕಡಿಯಲ್ಲಿ ಅಷ್ಟೇ ಸಕ್ಕರೆ ತೂಗಿ ಪುಟ್ಟ ಕವರಿಗೆ ಹಾಕಿ ಆ ಪ್ಯಾಕೆಟ್ಟಿನ ಮುಂದೆ ಇಡುವುದು. ಲೆಕ್ಕ ಸುಲಭ. 100 ಗ್ರಾಮಿಗೆ ಅಥವಾ 100 ಮಿಲಿಗೆ ಎಷ್ಟು ಅಂತ ಬರೆದಿರುತ್ತದೆ, ನಾವು ತಿನ್ನುವ ಪ್ರಮಾಣಕ್ಕೆ ಗುಣಿಸಿದರಾಯಿತು. ಗ್ಯಾಸ್ ತುಂಬಿದ ಕೂಲ್‌ಡ್ರಿಂಕ್ಸಿನಲ್ಲಿ 100 ಮಿಲಿಗೆ ಹತ್ತು ಗ್ರಾಮಿನ ಆಸುಪಾಸು, ಅಂದರೆ 300 ಮಿಲಿ ಬಾಟಲಿಗೆ ಆರೇಳು ಚಮಚ. ಇನ್ನೊಂದು ವಿಷಯ ಆವತ್ತು ಮಗನಿಗೆ ಹೇಳಿಕೊಟ್ಟೆ: ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ. ಅವನ 'ಶಕ್ತಿಯ' ಪುಡಿಯಲ್ಲಿ ಸಕ್ಕರೆ ಎರಡನೆಯ ಹೆಸರು.

ಸಂಜೆಯ ಕವರುಗಳನ್ನೆಲ್ಲ ಒಂದು ಬಟ್ಟಲಿಗೆ ಸುರಿದೆವು. ಅರ್ಧ ಬಟ್ಟಲಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಹೊರಗಿನಿಂದ ಸೇರುವ ಸಕ್ಕರೆ ದಿನದ ಕ್ಯಾಲೊರಿಯ 10 ಶೇಕಡಾ ದಾಟಬಾರದು, 5 ಶೇಕಡಾ ಒಳಗಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ 1,700 ಕ್ಯಾಲೊರಿ ಬೇಕಾದ ಈ ವಯಸ್ಸಿನ ಮಗುವಿಗೆ ಅದು ಹೆಚ್ಚೆಂದರೆ 40 ಗ್ರಾಂ ಚಿಲ್ಲರೆ. ಅವನು ಒಂದು ಗಂಟೆಯಲ್ಲೇ ಅದನ್ನು ದಾಟುತ್ತಿದ್ದ.

ಅತ್ತೆ ಹತ್ತಿರ ಬಂದು ಬಟ್ಟಲು ನೋಡಿದರು. ಅವರಿಗೂ ಶುಗರ್ ಇದೆ. "ನನ್ನ ಕಾಫಿಗೆ ಅರ್ಧ ಚಮಚ ಹಾಕ್ಕೊಂಡ್ರೆ ಮನೆ ತಲೆಮೇಲೆ ಹೊತ್ಕೋತೀರ, ಮಗೂಗೆ ಇಷ್ಟೊಂದು ಹಾಕ್ತಿದೀವಾ?" ಅಂದರು. ನಾನೇನೂ ಹೇಳಲು ಹೋಗಲಿಲ್ಲ.

ನಾವು ಮಾಡಿದ್ದಿಷ್ಟು: ಸಂಜೆ ನಾಲ್ಕೂವರೆಗೆ ತಿಂಡಿಯ ಬದಲು ಊಟ. ತಟ್ಟೆ ಹಾಕಿ, ಕೂರಿಸಿ, ಟಿವಿ ಇಲ್ಲದೆ. ಕೆಲವು ದಿನ ಅರ್ಧ ಮುದ್ದೆ, ಹುರುಳಿಕಾಳಿನ ಬಸ್ಸಾರು. ಕೆಲವು ದಿನ ಸೊಪ್ಪು ಹಾಕಿದ ರಾಗಿರೊಟ್ಟಿ, ಗಟ್ಟಿ ಮೊಸರು. ಮೊಟ್ಟೆ ಬೇಯಿಸಿದ್ದು, ಇಲ್ಲವೇ ಹೆಸರುಕಾಳಿನ ಗುಗ್ಗರಿ, ಮೇಲೆ ಸ್ವಲ್ಪ ಕಾಯಿತುರಿ. ಕಡಲೆಕಾಯಿ ಕಾಲದಲ್ಲಿ ಉಪ್ಪುನೀರಿನಲ್ಲಿ ಬೇಯಿಸಿದ ಹಸಿ ಕಡಲೆಕಾಯಿ. ಇದರ ಉಸ್ತುವಾರಿ ಪೂರ್ತಿ ಅತ್ತೆಯದು. ಏನು ಮಾಡಬೇಕು ಅಂತ ನಾನು ಹೇಳುವುದಿಲ್ಲ, ಹೇಳಿದರೆ ಕೆಟ್ಟಿತು. ಬಿಸ್ಕತ್ತಿನ ಪ್ಯಾಕೆಟ್ಟು ಹರಿಯುವುದಕ್ಕಿಂತ ಇದರಲ್ಲಿ ಅವರ ಕೈಗುಣ ಕಾಣುತ್ತದೆ, ಅಕ್ಕಪಕ್ಕದ ಮನೆಯವರ ಹತ್ತಿರ ಹೇಳಿಕೊಳ್ಳುವುದಕ್ಕೂ ಆಗುತ್ತದೆ. ಈಗ ನಾನೇ ಯಾವತ್ತಾದರೂ ಬ್ರೆಡ್ಡು ತಂದರೆ "ಯಾತಕ್ಕಮ್ಮ ಆ ಮೈದಾ" ಅಂತ ಅವರಿಂದ ನನಗೇ ಪಾಠ.

ರಾತ್ರಿ ಊಟ ತಾನಾಗಿಯೇ ಸಣ್ಣದಾಯಿತು. ಎಂಟು ಗಂಟೆಗೆ ಸ್ವಲ್ಪ ಅನ್ನ, ಪಲ್ಯ, ಮಜ್ಜಿಗೆ. ಎಷ್ಟು ತಿನ್ನಬೇಕು ಅನ್ನುವುದು ಅವನಿಗೆ ಬಿಟ್ಟದ್ದು. ಏನು ಮಾಡಬೇಕು, ಯಾವಾಗ ಬಡಿಸಬೇಕು ಅನ್ನುವುದಷ್ಟೇ ನಮ್ಮದು. "ಇನ್ನೊಂದು ತುತ್ತು" ಅನ್ನುವುದನ್ನು ನಿಲ್ಲಿಸಲು ಅತ್ತೆಗಿಂತ ನಮ್ಮ ಯಜಮಾನರಿಗೇ ಕಷ್ಟವಾಯಿತು.

ರಾಗಿಯ ಬಗ್ಗೆ ಒಂದು ಮಾತು. ಮುದ್ದೆ ತಿಂದರೆ ಸಣ್ಣ ಆಗ್ತಾರೆ ಅಂತ ನಂಬಿದವರು ಬಹಳ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 320 ಕ್ಯಾಲೊರಿ, ಪಾಲಿಶ್ ಅಕ್ಕಿಗೆ 356. ವ್ಯತ್ಯಾಸ ಅಂಥ ದೊಡ್ಡದೇನಲ್ಲ. ನಾರಿನಂಶ ಮಾತ್ರ ರಾಗಿಯಲ್ಲಿ 11 ಗ್ರಾಮಿನಷ್ಟು, ಅಕ್ಕಿಯಲ್ಲಿ ಮೂರೂ ಇಲ್ಲ. ಹೊಟ್ಟೆ ತುಂಬಿದ್ದು ಹೆಚ್ಚು ಹೊತ್ತು ನಿಲ್ಲುತ್ತದೆ, ಅದೇ ಲಾಭ. ಅದೇ ರಾಗಿಯನ್ನು ಮಾಲ್ಟ್ ಮಾಡಿ ಎರಡು ಅಚ್ಚು ಬೆಲ್ಲ ಹಾಕಿದರೆ ಕಥೆ ಮೊದಲಿನ ಜಾಗಕ್ಕೇ ಬರುತ್ತದೆ. ಬೆಲ್ಲವೂ ಸಕ್ಕರೆಯೇ. ಹಣ್ಣು ಹಿಂಡಿ ಮಾಡಿದ ಜ್ಯೂಸೂ ಅದೇ ಲೆಕ್ಕ, ಹಣ್ಣನ್ನು ಹಣ್ಣಾಗಿ ತಿಂದರೆ ಮಾತ್ರ ಬೇರೆ. ಸೀಬೆಕಾಯಿಗೆ ಉಪ್ಪು ಖಾರ ಹಚ್ಚಿ ಕೊಡಿ, ಯಾವ ಮಗು ಬೇಡ ಅನ್ನುತ್ತದೆ?

ಬೇಕರಿಗೆ ಬೀಗ ಹಾಕಲಿಲ್ಲ. ಭಾನುವಾರ ಅವನೇ ಹೋಗಿ ತನಗೆ ಬೇಕಾದ ಒಂದನ್ನು ಆರಿಸಿಕೊಳ್ಳುತ್ತಾನೆ, ನಾವೂ ತಿನ್ನುತ್ತೇವೆ. ಒಮ್ಮೊಮ್ಮೆ ಬೇಕರಿ ಬಿಟ್ಟು ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಮೇಲೆ ಬೆಣ್ಣೆ. ಮನೆಯಲ್ಲಿ ಮಾತ್ರ ಪ್ಯಾಕೆಟ್ಟು ತಂದಿಡುವುದಿಲ್ಲ. ಅವನಿಗೊಬ್ಬನಿಗೆ ಬೇಡ, ನಮಗೆ ಬೇಕು ಅನ್ನುವ ಏರ್ಪಾಡು ಒಂದು ವಾರವೂ ನಡೆಯುವುದಿಲ್ಲ, ಹಾಗಾಗಿ ಯಜಮಾನರ ರಾತ್ರಿ ಹತ್ತರ ಮಿಕ್ಸ್ಚರ್ ಕೂಡ ಹೋಯಿತು. ಮದುವೆ, ನಾಮಕರಣಗಳಲ್ಲಿ ಒಬ್ಬಟ್ಟು ಬಡಿಸಿದರೆ ತಿನ್ನಲಿ, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ತೂಕ ಬರುವುದು ದಿನನಿತ್ಯದ ಅಭ್ಯಾಸದಿಂದ.

ಆಟದ ವಿಷಯ. ದಿನಕ್ಕೆ ಒಂದು ಗಂಟೆ ಮೈ ಬೆವರುವಂಥ ಆಟ ಬೇಕು ಅನ್ನುತ್ತಾರೆ. ಟ್ಯೂಷನ್ ಐದೂವರೆಗಿದ್ದರೆ ಆಟ ಯಾವಾಗ? ಟ್ಯೂಷನ್ ಬಿಡಿಸಿ ರಾತ್ರಿ ನಾನೇ ಓದಿಸುವುದು ಅಂತ ತೀರ್ಮಾನ ಮಾಡಿದೆವು. ಗಣಿತದಲ್ಲಿ ಅಂಕ ಸ್ವಲ್ಪ ಇಳಿಯಿತು, ನಿಜ. ದಪ್ಪ ಇರುವ ಮಗುವನ್ನು ನೇರವಾಗಿ ಕ್ರಿಕೆಟ್ ಗುಂಪಿಗೆ ತಳ್ಳಿದರೆ ಓಡಲಾಗದೆ ನಗೆಪಾಟಲಾಗಿ ವಾಪಸ್ ಬರುತ್ತದೆ, ಅದಕ್ಕೇ ಮೊದಲು ಸೈಕಲ್ ಕೊಟ್ಟೆವು. ಸೈಕಲ್ ಮೇಲೆ ಯಾರೂ ತೂಕ ನೋಡುವುದಿಲ್ಲ. ಕಾಲಿಗೆ ಶಕ್ತಿ ಬಂದ ಮೇಲೆ ಅವನೇ ಲಗೋರಿಗೆ ಸೇರಿಕೊಂಡ.

ನಿದ್ದೆಯನ್ನು ಲೆಕ್ಕಕ್ಕೆ ತೆಗೆದುಕೊಂಡವರು ನನಗೆ ಕಂಡಿದ್ದು ಕಡಿಮೆ. ಈ ವಯಸ್ಸಿಗೆ ಒಂಬತ್ತು ಗಂಟೆಯಾದರೂ ಬೇಕು. ನಿದ್ದೆ ಕೆಟ್ಟ ಮರುದಿನ ಮಗು ಸಿಹಿಗೇ ಹಾತೊರೆಯುತ್ತದೆ, ಕಣ್ಣಾರೆ ನೋಡಿದ್ದೇನೆ. ಒಂಬತ್ತೂವರೆಯ ಸೀರಿಯಲ್ಲನ್ನು ಅತ್ತೆ ಈಗ ಮರುದಿನ ಮಧ್ಯಾಹ್ನ ಮೊಬೈಲಿನಲ್ಲಿ ನೋಡುತ್ತಾರೆ.

ಮನೆಯಲ್ಲಿ ತೂಕದ ಯಂತ್ರ ಇಟ್ಟಿಲ್ಲ. 'ಡುಮ್ಮ', 'ಗುಂಡಪ್ಪ' ಅನ್ನುವ ಮುದ್ದಿನ ಹೆಸರುಗಳಿಗೂ ವಿದಾಯ. ನೆಂಟರು ಬಂದಾಗ "ಏನೋ, ಅಂಗಿ ಬಿಗಿಯಾಯ್ತಾ?" ಅಂತ ಶುರು ಮಾಡಿದರೆ ನಾನು ನಗುತ್ತಲೇ ಮಾತು ಬದಲಿಸುತ್ತಿದ್ದೆ, ಅದಕ್ಕೂ ನಿಲ್ಲಿಸದವರಿಗೆ ಪಕ್ಕಕ್ಕೆ ಕರೆದು ಹೇಳಿದ್ದೂ ಉಂಟು. ಒಬ್ಬರು ಬೇಜಾರು ಮಾಡಿಕೊಂಡರು, ಮಾಡಿಕೊಳ್ಳಲಿ. ಇಂಥ ಮಾತು ಕೇಳಿದ ದಿನ ಅವನು ಕದ್ದು ತಿನ್ನುತ್ತಿದ್ದ.

ಬಗೆಹರಿಯದ್ದು ಶಾಲೆಯ ಎದುರಿನ ಅಂಗಡಿ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್ ಸುತ್ತಲೂ ಮಾರಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2020ರಲ್ಲೇ ನಿಯಮ ಮಾಡಿದೆ. ಅಂಗಡಿ ಇರುವುದು ಗೇಟಿನ ಎದುರು ರಸ್ತೆಯ ಆಚೆ ಬದಿ, ಮಕ್ಕಳು ಐದು ರೂಪಾಯಿ ಹಿಡಿದು ಸಾಲು ನಿಂತಿರುತ್ತಾರೆ. ಪೋಷಕರ ಸಭೆಯಲ್ಲಿ ಎತ್ತಿದೆ. ಹೊರಗಿನದು ನಮ್ಮ ಕೈಯಲ್ಲಿಲ್ಲ ಮೇಡಂ ಅಂದರು.

ಒಂದೂವರೆ ವರ್ಷದ ನಂತರ ಮಗನ ಎತ್ತರ 141, ತೂಕ 41. ಎರಡೇ ಕಿಲೋ ಏರಿದೆ, ಚುಕ್ಕೆ ಚಾರ್ಟಿನಲ್ಲಿ ಎರಡು ಗೆರೆಗಳ ನಡುವೆ ಇಳಿದಿದೆ. ರಕ್ತದ ಸಕ್ಕರೆ ಸರಿಯಾಗಿದೆ, ಕತ್ತಿನ ಕಪ್ಪು ತಿಳಿಯಾಗಿದೆ, ಪೂರ್ತಿ ಹೋಗಿಲ್ಲ. ಹಾಗಲಕಾಯಿ ಈಗಲೂ ಮುಟ್ಟುವುದಿಲ್ಲ.

ಬರುವ ಜೂನ್‌ನಿಂದ ಅವನಿಗೆ ಸ್ಪೆಷಲ್ ಕ್ಲಾಸ್ ಶುರು, ಮನೆ ಸೇರುವುದು ಆರು ಗಂಟೆ. ನಾಲ್ಕೂವರೆಗೆ ತಿನ್ನಲು ಎರಡನೇ ಡಬ್ಬಿ ಕಳಿಸಬಹುದಾ ಅಂತ ಕ್ಲಾಸ್ ಟೀಚರನ್ನು ಕೇಳಿದ್ದೇನೆ. ಹತ್ತು ನಿಮಿಷ ಬಿಡುತ್ತೇವೆ ಅಂದಿದ್ದಾರೆ. ತಣ್ಣಗಾದರೂ ಕೆಡದೆ, ಗಟ್ಟಿಯಾಗದೆ ಇರುವಂಥದ್ದು ಏನು ಅಂತ ಅತ್ತೆ ಈಗಿನಿಂದಲೇ ಯೋಚನೆ ಮಾಡುತ್ತಿದ್ದಾರೆ. ಸದ್ಯಕ್ಕೆ ಕಡಲೆಕಾಳಿನ ಗುಗ್ಗರಿ, ಒಂದು ಬಾಳೆಹಣ್ಣು ಅಂತ ಆಗಿದೆ.