ನೊಪಾಲ್ ಪಲ್ಯ: ಲೋಳೆ ಚೆಲ್ಲದೆ ನಾನು ಮಾಡುವ ರೀತಿ

ಟೆಕ್ಸಾಸ್‌ನಲ್ಲಿ ನಮ್ಮ ಮನೆ ಹತ್ತಿರದ ಮೆಕ್ಸಿಕನ್ ಅಂಗಡಿಯಲ್ಲಿ ನೊಪಾಲ್ ರಾಶಿ ಹಾಕಿರುತ್ತಾರೆ. ನಮ್ಮ ಪಾಪಸುಕಳ್ಳಿಯ ಹತ್ತಿರದ ನೆಂಟ. ಎಲೆ ಅಂತೀವಿ, ಆದರೆ ಅದು ಚಪ್ಪಟೆ ಕಾಂಡ. ನಿಜವಾದ ಎಲೆಗಳು ಎಳೆಯದರ ಮೇಲೆ ಚೂಪಾಗಿ, ಪುಟ್ಟದಾಗಿ ಮೂಡಿ ಬೇಗ ಉದುರುತ್ತವೆ.

ಅಂಗೈಯಗಲದ, ತೆಳ್ಳಗಿನ ಎಳೆಯದನ್ನೇ ಆರಿಸುತ್ತೇನೆ. ಬಲಿತರೆ ಬರೀ ನಾರು. ಇಕ್ಕಳದಲ್ಲಿ ಬುಡ ಹಿಡಿದು, ಚಾಕು ಮಲಗಿಸಿ ಮುಳ್ಳಿನ ಒಂದೊಂದು ಕಣ್ಣನ್ನೂ ಹೆರೆಯಬೇಕು. ದೊಡ್ಡ ಮುಳ್ಳಿಗಿಂತ ಕಾಣಿಸದ ಸುಂಕಿನದ್ದೇ ಕಾಟ ಜಾಸ್ತಿ. ಅಂಚನ್ನು ಸುತ್ತಲೂ ಕೊಯ್ದು ಬಿಸಾಡುತ್ತೇನೆ.

ಮೆಕ್ಸಿಕೋದವರಲ್ಲಿ ಎಷ್ಟೋ ಜನ ಈರುಳ್ಳಿ ಜೊತೆ ಬೇಯಿಸಿ, ಲೋಳೆ ನೀರು ಬಸಿದುಬಿಡುತ್ತಾರೆ. ನಾನು ಬಸಿಯೋದಿಲ್ಲ. ಕರಗುವ ನಾರು ಇರೋದೇ ಆ ಲೋಳೆಯಲ್ಲಿ. ಹೊಟ್ಟೆಯಲ್ಲಿ ಅದು ಮಂದವಾಗಿ ನಿಂತು, ಊಟದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಹಾಗಾಗಿ ಬೆಂಡೆಕಾಯಿ ಪಲ್ಯದ ದಾರಿಯೇ ನನ್ನದು: ಅಗಲ ಬಾಣಲೆ, ಹೆಚ್ಚಿದ ಹೋಳು, ಉಪ್ಪು, ನೀರೂ ಇಲ್ಲ ಮುಚ್ಚಳವೂ ಇಲ್ಲ. ಮೊದಲು ಲೋಳೆ ನೊರೆನೊರೆಯಾಗಿ ಉಕ್ಕುತ್ತದೆ. ಗಾಬರಿ ಬೇಡ, ಕೈಯಾಡಿಸುತ್ತಿರಿ. ಅದು ಇಂಗಿ, ಹೋಳು ಮಾಸಲು ಹಸಿರಾದಾಗ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ ಒಗ್ಗರಣೆ, ಮೇಲೆ ಕಾಯಿತುರಿ.

ನೊಪಾಲ್‌ಗೆ ತನ್ನದೇ ಹುಳಿ ಇದೆ, ಹುಣಸೆಹುಳಿ ಬೇಕಾಗಿಲ್ಲ. ಈ ಗಿಡ ರಾತ್ರಿ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮ್ಯಾಲಿಕ್ ಆಮ್ಲ ಅನ್ನುವ ಹುಳಿಯಾಗಿ ಕೂಡಿಟ್ಟು, ಹಗಲು ಬಿಸಿಲಲ್ಲಿ ಖರ್ಚು ಮಾಡುತ್ತದೆ. ಅದಕ್ಕೇ ಬೆಳಿಗ್ಗೆ ಕೊಯ್ದದ್ದು ಹುಳಿ, ಸಂಜೆಯದ್ದು ಸಪ್ಪೆ. ಹಿತ್ತಲಲ್ಲೂ ಒಂದು ಗಿಡ ಇದೆ. ಗೊಜ್ಜಿಗೆ ಬೆಳಿಗ್ಗೆ ಕೊಯ್ಯುತ್ತೇನೆ, ಪಲ್ಯಕ್ಕೆ ಸಂಜೆ.

100 ಗ್ರಾಂ ಹಸಿ ನೊಪಾಲ್‌ನಲ್ಲಿ ಸುಮಾರು 94 ಗ್ರಾಂ ನೀರೇ. 16 ಕ್ಯಾಲೊರಿ, 2 ಗ್ರಾಂ ಚಿಲ್ಲರೆ ನಾರು, 160 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ. ಆದರೆ ಕ್ಯಾಲ್ಸಿಯಂ ಬಹುಪಾಲು ಗಿಡದಲ್ಲೇ ಇರುವ ಆಕ್ಸಲೇಟ್ ಅನ್ನುವ ವಸ್ತುವಿನ ಜೊತೆ ಅಂಟಿಕೊಂಡಿರುವುದರಿಂದ ಅಷ್ಟೂ ಮೈಗೆ ಹತ್ತೋದಿಲ್ಲ. ಕ್ವೆರ್ಸೆಟಿನ್, ಐಸೊರ್ಹಾಮ್ನೆಟಿನ್ ಥರದ ಫ್ಲೇವನಾಯ್ಡ್‌ಗಳೂ (ಗಿಡಗಳಲ್ಲಿ ಸಿಗುವ ಒಂದು ಬಗೆಯ ರಾಸಾಯನಿಕಗಳು) ಇವೆ. ಅವುಗಳ ಹೊಗಳಿಕೆ ಹೆಚ್ಚಾಗಿ ಪ್ರಯೋಗಾಲಯದ್ದು, ನಾನು ಅದನ್ನು ನಂಬಿ ತಿನ್ನೋದಿಲ್ಲ.

ಸಕ್ಕರೆಯ ವಿಷಯದಲ್ಲಿ ಆಧಾರ ಇನ್ನಷ್ಟು ಗಟ್ಟಿ. 2014ರಲ್ಲಿ ಪ್ರಕಟವಾದ ಮೆಕ್ಸಿಕೋದ ಅಧ್ಯಯನದಲ್ಲಿ ಟೈಪ್ 2 ಮಧುಮೇಹಿಗಳಿಗೆ ಪಿಷ್ಟ ಜಾಸ್ತಿ ಇರುವ ತಿಂಡಿ ಜೊತೆ ಹಬೆಯಲ್ಲಿ ಬೇಯಿಸಿದ 300 ಗ್ರಾಂ ನೊಪಾಲ್ ಕೊಟ್ಟಾಗ, ತಿಂದ ಮೇಲಿನ ಸಕ್ಕರೆಯ ಏರಿಕೆ ತಗ್ಗಿತು. 300 ಗ್ರಾಂ ಅಂದರೆ ತಟ್ಟೆ ತುಂಬ, ಅಲ್ವಾ? ಎರಡು ಚಮಚ ಪಲ್ಯಕ್ಕೆ ಅದೇ ಫಲ ಕೇಳಬಾರದು. ನೊಪಾಲ್ ಕ್ಯಾಪ್ಸೂಲ್‌ಗಂತೂ ಸುಮ್ನೆ ದುಡ್ಡು ದಂಡ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳಿಯೇ ತಿನ್ನಿ, ಎರಡೂ ಸೇರಿ ಸಕ್ಕರೆ ತೀರಾ ಇಳಿದೀತು.

ಊರಿಗೆ ಹೋದರೆ "ಬೇಲಿ ಕಳ್ಳೀನೂ ತಿನ್ಬಹುದಾ?" ಅಂತ ಕೇಳ್ತಾರೆ. ಮುರಿದರೆ ಹಾಲು ಸುರಿಯುವ ಕಳ್ಳಿಯ ಕುಲವೇ ಬೇರೆ, ಅದು ವಿಷ. ಹಾಲು ಕಣ್ಣಿಗೆ ತಾಗಿದರೂ ಅಪಾಯ.