ಕಡ್ಡಾಯ ಮಾಡುವುದಾದರೆ ಮೊದಲು ತೇಲುವುದು ಕಲಿಸಿ

ನಾನು ಮಕ್ಕಳಿಗೆ ಈಜು ಕಲಿಸಲು ಶುರು ಮಾಡಿ ಹನ್ನೆರಡು ವರ್ಷ ಆಯಿತು. ಶಾಲೆಯಲ್ಲಿ ಈಜು ಕಡ್ಡಾಯ ಆಗಬೇಕಾ ಅಂತ ಕೇಳಿದರೆ ಹೌದು ಅನ್ನುತ್ತೇನೆ. ಆದರೆ ಯಾವ ಈಜು?

ಮೊದಮೊದಲು ನಾನೂ ಫ್ರೀಸ್ಟೈಲ್‌ನಿಂದಲೇ ಶುರು ಮಾಡುತ್ತಿದ್ದೆ. ಹಲಗೆ ಹಿಡಿದು ಕಾಲು ಬಡಿಯುವುದು, ಕೈ ಬೀಸುವುದು. ಅಪ್ಪ ಅಮ್ಮನಿಗೂ ಅದೇ ಇಷ್ಟ, ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ ಅಲ್ವಾ. ಒಂದು ದಿನ ತರಗತಿ ಮುಗಿದು ಬಟ್ಟೆ ಹಾಕಿಕೊಂಡಿದ್ದ ಹುಡುಗನೊಬ್ಬ ಅಂಚಿನಲ್ಲಿ ಓಡುತ್ತಾ ಜಾರಿ ಆಳದ ಕಡೆಗೇ ಬಿದ್ದ. ಕೂಗಲಿಲ್ಲ, ಕೈ ಆಡಿಸಿ ಕರೆಯಲಿಲ್ಲ. ತಲೆ ಹಿಂದಕ್ಕೆ ವಾಲಿತ್ತು, ಬಾಯಿ ನೀರಿನ ಮಟ್ಟದಲ್ಲಿ ಮುಳುಗಿ ಏಳುತ್ತಿತ್ತು, ಅಷ್ಟೇ. ಮೂರು ಮಾರು ದೂರದಲ್ಲಿದ್ದ ಅವನ ಅಮ್ಮ ಆಟ ಆಡುತ್ತಿದ್ದಾನೆ ಅಂದುಕೊಂಡಿದ್ದರು. ಧುಮುಕಿ ಎತ್ತಿದೆ, ಪುಣ್ಯಕ್ಕೆ ಏನೂ ಆಗಲಿಲ್ಲ. ಆ ಹುಡುಗ 25 ಮೀಟರ್ ಸಲೀಸಾಗಿ ಈಜುತ್ತಿದ್ದ. ಕಲಿಸಿದವನು ನಾನೇ.

ಆಮೇಲೆ ಎಲ್ಲ ಬದಲಾಯಿಸಿದೆ. ಈಗ ಮೊದಲ ವಾರ ಬಾಯಿ ಮುಳುಗಿಸಿ ಗುಳ್ಳೆ ಬಿಡುವುದು, ಆಮೇಲೆ ಅಂಗಾತ ತೇಲುವುದು. ತಲೆಯ ಕೆಳಗೆ ನನ್ನ ಎರಡೇ ಬೆರಳು ಇರುತ್ತದೆ. ಕಿವಿ ನೀರೊಳಗೆ, ಎದೆ ತುಂಬ ಉಸಿರು, ಕಣ್ಣು ನೇರ ಮೇಲೆ. ನನ್ನನ್ನು ನೋಡಬೇಕು ಅಂತ ಮಗು ಸ್ವಲ್ಪ ತಲೆ ಎತ್ತಿತೋ, ಸೊಂಟ ಕುಸಿದು ಕಾಲು ಮುಳುಗುತ್ತದೆ. ಇದೊಂದು ಅರ್ಥವಾಗಲು ಕೆಲವರಿಗೆ ಒಂದು ದಿನ ಸಾಕು, ಕೆಲವರಿಗೆ ಹತ್ತು ದಿನ ಬೇಕು. ಆಮೇಲೆ ಮಗುಚಿ ಅಂಚು ಹಿಡಿಯುವುದು, ಏಣಿ ಇಲ್ಲದೆ ಮೇಲೆ ಹತ್ತುವುದು. ಕೊನೆಗೆ ಇದನ್ನೇ ಮೈತುಂಬ ಬಟ್ಟೆ ಹಾಕಿಕೊಂಡು. ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳು ಮೊದಲ ಈಜು ಡಿಪ್ಲೊಮಾ ಪರೀಕ್ಷೆಯ ಒಂದು ಭಾಗವನ್ನು ಬಟ್ಟೆ ಹಾಕಿಕೊಂಡೇ ಕೊಡುತ್ತಾರಂತೆ ಅಂತ ಗೊತ್ತಾದಾಗ, ಇಷ್ಟು ಸರಳ ವಿಷಯ ನನಗೆ ಹೊಳೆಯಲಿಲ್ಲವಲ್ಲ ಅನಿಸಿತು. ಇಂಗ್ಲೆಂಡಿನ ಪಠ್ಯಕ್ರಮದಲ್ಲೂ ಪ್ರಾಥಮಿಕ ಶಾಲೆ ಮುಗಿಯುವುದರೊಳಗೆ 25 ಮೀಟರ್ ಈಜಿದರಷ್ಟೇ ಸಾಲದು, ನೀರಿನಲ್ಲಿ ತನ್ನನ್ನು ತಾನು ಕಾಪಾಡಿಕೊಳ್ಳಲೂ ಬರಬೇಕು.

ಕಡ್ಡಾಯ ಅಂದರೆ ಹೆದರುವ ಮಗುವನ್ನು ನೀರಿಗೆ ತಳ್ಳುವುದಲ್ಲ. ಒಬ್ಬ ಹುಡುಗಿ ಮೂರು ವಾರ ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದಳು, ಕೂರಲಿ ಅಂತ ಬಿಟ್ಟೆ. ಈಗ ಅವಳನ್ನು ನೀರಿಂದ ಹೊರಗೆ ಕರೆಯುವುದೇ ಕಷ್ಟ. ಒಬ್ಬ ಶಿಕ್ಷಕನಿಗೆ ಮೂವತ್ತು ಮಕ್ಕಳನ್ನು ಕೊಟ್ಟರೆ ಇದು ಆಗದ ಮಾತು. ನಾನು ಆರಕ್ಕಿಂತ ಜಾಸ್ತಿ ಸೇರಿಸಿಕೊಳ್ಳುವುದಿಲ್ಲ.

ಇನ್ನೊಂದು ತಲೆನೋವು ಅಪ್ಪ ಅಮ್ಮಂದಿರು. ಮಗನಿಗೆ ಈಜು ಬಂತು ಅಂದ ದಿನವೇ ಅವರ ಕಣ್ಣು ಮೊಬೈಲಿಗೆ ಹೋಗುತ್ತದೆ. ಅದಕ್ಕೇ ಕೊನೆಯ ತರಗತಿಗೆ ಅವರನ್ನೂ ನೀರಿಗೆ ಇಳಿಸುತ್ತೇನೆ, ಹಾಕಿಕೊಂಡು ಬಂದ ಬಟ್ಟೆಯಲ್ಲೇ.