ಹಡಗಿನ ಒಲೆಗೆ ಕಲ್ಲಿದ್ದಲು ಹಾಕೋದು ಹೇಗೆ

ಮೊಮ್ಮಗ ಹಳೇ ಹಡಗಿನ ಚಿತ್ರ ಹಿಡಿದು ಬಂದ. "ಅಜ್ಜ, ನೀನು ಬಾಯ್ಲರ್ ನೋಡಿಕೊಂಡವನಲ್ವಾ, ಇದಕ್ಕೆ ಬೆಂಕಿ ಹಾಕೋದು ಹೇಗೆ?" ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ 20 ವರ್ಷ ಲ್ಯಾಂಕಾಶೈರ್ ಬಾಯ್ಲರ್ (ಒಳಗೇ ಎರಡು ಒಲೆ ಕೊಳವೆ ಇರುವ, ಉಗಿ ಮಾಡುವ ದೊಡ್ಡ ಹಂಡೆ) ಮುಂದೆ ನಿಂತವನು ನಾನು. ಸಮುದ್ರ ನೋಡಿದ್ದು ಕಾರವಾರದಲ್ಲಿ ಒಂದೇ ಸಲ. ಆದರೂ 1880ರ ದಶಕದ ಸರಕು ಹಡಗಿನ ಒಲೆಯೂ ನಮ್ಮ ಒಲೆಯೂ ಅಣ್ಣತಮ್ಮಂದಿರೇ.

ಬಾಯ್ಲರ್ ಕೋಣೆಗೆ ಇಳಿದ ಕೂಡಲೇ ಗೇಜ್ ಗ್ಲಾಸ್, ಅಂದರೆ ಬಾಯ್ಲರ್ ಒಳಗಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ, ನೋಡಿ. ಅದರ ಕೆಳಗಿನ ಕಾಕ್ (ನಲ್ಲಿ) ತಿರುಗಿಸಿ ನೀರು ಬಿಡಿ. ಮುಚ್ಚಿದರೆ ನೀರು ಸರಕ್ಕನೆ ಏರಬೇಕು. ನಿಧಾನಕ್ಕೆ ಏರಿದರೆ ಎಲ್ಲೋ ಕಟ್ಟಿಕೊಂಡಿದೆ, ಗ್ಲಾಸು ಸುಳ್ಳು ಹೇಳುತ್ತಿದೆ. ನೀರೇ ಕಾಣದಿದ್ದರೆ ಗಾಬರಿಯಲ್ಲಿ ತಣ್ಣೀರು ಬಿಡಬೇಡಿ, ಕಾದ ತಗಡಿಗೆ ನೀರು ತಗುಲಿದರೆ ಬಾಯ್ಲರ್ ಸಿಡಿಯಬಹುದು. ಮೊದಲು ಒಲೆಯ ಬೆಂಕಿ ಹೊರಗೆಳೆಯಿರಿ.

ಇನ್ನು ಕಲ್ಲಿದ್ದಲು. ಬಾಗಿಲು ತೆರೆದಿಟ್ಟಷ್ಟೂ ತಣ್ಣನೆ ಗಾಳಿ ನುಗ್ಗಿ ಪ್ರೆಶರ್ ಇಳಿಯುತ್ತದೆ. ಮೂರು ನಾಲ್ಕು ಸಲಿಕೆ ಎರಚಿ, ತಕ್ಷಣ ಬಾಗಿಲು ಹಾಕಿ. ಎರಚುವಾಗ ಕೊನೆಗೆ ಮಣಿಕಟ್ಟು ಸ್ವಲ್ಪ ತಿರುಗಿಸಿ. ಆಗ ಗುಡ್ಡೆ ಬೀಳದೆ, ಅಂಗಳಕ್ಕೆ ಎರಚಿದ ಜೋಳದ ಕಾಳಿನಂತೆ ತೆಳ್ಳಗೆ ಹರಡುತ್ತದೆ. ಹಡಗು ತೂಗುವಾಗ ಹೊತ್ತು ನೋಡಿಕೊಂಡೇ ತೆರೆಯಬೇಕು, ಇಲ್ಲದಿದ್ದರೆ ಕೆಂಡ ಕಾಲ ಮೇಲೆ! ಮೊದಲ ವಾರ ನಾನು ಒಲೆ ಒಂದೇ ಸಲ ತುಂಬಿಸಿ ಸುಮ್ನೆ ಬೀಡಿ ಹಚ್ಚಿ ಕೂತಿದ್ದೆ. ಚಿಮಣಿ ತುಂಬ ಕಪ್ಪು ಹೊಗೆ. ಸೈಜಿಂಗ್‌ನವರು (ನೂಲಿಗೆ ಗಂಜಿ ಹಾಕುವವರು) ಉಗಿ ಬರ್ತಿಲ್ಲ ಅಂತ ಓಡಿ ಬಂದರು. ಬೈಗುಳ ಇನ್ನೂ ನೆನಪಿದೆ. ನಮ್ಮೂರ ಮಂಡಕ್ಕಿ ಭಟ್ಟಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಹೊಟ್ಟನ್ನು ಅವರು ಚೂರುಚೂರೇ ಬಿಡುತ್ತಾರೆ.

ಒಲೆಯಲ್ಲಿ ಕಿಟ್ಟ, ಅಂದರೆ ಬೂದಿ ಕರಗಿ ಗಟ್ಟಿಯಾದ ಹೆಂಟೆ, ಕಟ್ಟಿದರೆ ಗಾಳಿ ಆಡದೆ ಬೆಂಕಿ ಮಂಕಾಗುತ್ತದೆ. ಒಳ್ಳೆ ಕೆಂಡವನ್ನು ಒಂದು ಪಕ್ಕಕ್ಕೆ ತಳ್ಳಿ, ಕಿಟ್ಟ ಎಳೆದು ಹಾಕಿ, ಕೆಂಡವನ್ನು ಖಾಲಿ ಜಾಗಕ್ಕೆ ಹರಡಿ. ಆಮೇಲೆ ಇನ್ನೊಂದು ಪಕ್ಕ. ಎಲ್ಲ ಒಲೆಯ ಕಿಟ್ಟ ಒಟ್ಟಿಗೆ ತೆಗೆಯಬೇಡಿ, ಉಗಿ ಕೈಕೊಡುತ್ತದೆ.

ಹಡಗಿನಲ್ಲಿ ಪಾಳಿ 4 ಗಂಟೆ, ಬಿಡುವು 8 ಗಂಟೆ. ಕೇಳೋಕೆ ಸುಲಭ. ಆ ಝಳದಲ್ಲಿ 4 ಗಂಟೆ ಅಂದರೆ ಜಾಸ್ತಿಯೇ. ಬಂಕರಿನಿಂದ (ಹಡಗಿನ ಕಲ್ಲಿದ್ದಲು ಉಗ್ರಾಣದಿಂದ) ಕಲ್ಲಿದ್ದಲು ಹೊತ್ತು ತರುವವನ ಪಾಡು ಇನ್ನೂ ಕಷ್ಟ. ದಿನ ಕಳೆದಂತೆ ರಾಶಿ ಕರಗಿ ದೂರ ಸರಿಯುತ್ತದೆ, ಸಂಬಳ ಮಾತ್ರ ಅಷ್ಟೇ. ಬ್ರಿಟಿಷ್ ಹಡಗುಗಳಲ್ಲಿ ಈ ಕೆಲಸಕ್ಕೆ ನಮ್ಮ ದೇಶದವರೂ ಬಹಳ ಜನ ಇದ್ದರು.

ಕೊನೆಗೆ ಬೂದಿ. ನೀರು ಚಿಮುಕಿಸಿ, ಬಕೆಟ್‌ನಲ್ಲಿ ಮೇಲಕ್ಕೆತ್ತಿ ಸಮುದ್ರಕ್ಕೆ ಸುರಿಯಬೇಕು. ಗಾಳಿ ಬರುವ ಕಡೆ ಸುರಿದೀರಿ ಮತ್ತೆ, ಅಷ್ಟೂ ನಿಮ್ಮ ಮುಖಕ್ಕೇ ವಾಪಸ್.